ಕುಡಿಯುವ ನೀರಿಲ್ಲದ ಕೋಟೆಯಲ್ಲಿ ರಾತ್ರಿಯ ಬಿಡಾರ

ಸುತ್ತ ನಾಲ್ಕು ದಿಕ್ಕಿಗೂ ಕಣ್ಣು ಹಾಯುವಷ್ಟು ದೂರ ನೀರು. ಬಾಯಾರಿದವನಿಗೆ ಮಾತ್ರ ಒಂದು ಬೊಗಸೆ ಕುಡಿಯುವ ನೀರಿಲ್ಲ. ಇಂಥ ಜಾಗದಲ್ಲಿ ಒಂದು ಕೋಟಿ ಅರವತ್ತು ಲಕ್ಷ ಇಟ್ಟಿಗೆಗಳನ್ನು ಹೊತ್ತು ತಂದು ಒಂದು ಕೋಟೆ ಕಟ್ಟಿದರು ಎಂದರೆ ರೈತ ಬಂಧುಗಳು ನಂಬಲಾರರು. ಆದರೂ ಇದು ನಿಜ. ಅಮೆರಿಕ ದೇಶದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ ಕೀ ವೆಸ್ಟ್ ಎಂಬ ಊರುಂಟು. ಅಲ್ಲಿಂದ ಪಡುವಣಕ್ಕೆ ಸಮುದ್ರದ ಮೇಲೆ ಸುಮಾರು 70 ಮೈಲಿ, ಅಂದರೆ 113 ಕಿಲೋಮೀಟರು ಹೋದರೆ ಏಳು ಸಣ್ಣ ದಿಬ್ಬಗಳು ಸಿಕ್ಕುತ್ತವೆ. ಬೆಂಗಳೂರಿನಿಂದ ಮಂಡ್ಯ ದಾಟಿ ಇನ್ನೂ ಸ್ವಲ್ಪ ಮುಂದೆ ಹೋದಷ್ಟು ದೂರ. ನಡುವೆ ಮರವಿಲ್ಲ, ಊರಿಲ್ಲ, ಉಪ್ಪುನೀರೇ. ಆ ದಿಬ್ಬಗಳಲ್ಲೊಂದಾದ ಗಾರ್ಡನ್ ಕೀ ಎಂಬ ದ್ವೀಪವನ್ನು ಬಹುಮಟ್ಟಿಗೆ ತುಂಬಿಕೊಂಡು ನಿಂತಿರುವುದೇ ಫೋರ್ಟ್ ಜೆಫರ್ಸನ್ ಕೋಟೆ. ದ್ವೀಪವೆಲ್ಲ ಸೇರಿ ಹದಿನೈದು ಎಕರೆಯ ಆಸುಪಾಸು. ನಮ್ಮಲ್ಲಿ ಒಬ್ಬ ಅನುಕೂಲಸ್ಥ ರೈತನ ಹಿಡುವಳಿಯಷ್ಟು ಎನ್ನಬಹುದು.

ಈ ಕೋಟೆಯ ಹೊರಗೆ, ಗೋಡೆಗೂ ಕಡಲಿಗೂ ನಡುವಿನ ಮರಳಿನ ಪಟ್ಟಿಯಲ್ಲಿ, ಡೇರೆ ಹಾಕಿಕೊಂಡು ರಾತ್ರಿ ತಂಗಲು ಜನ ದೂರದೂರದಿಂದ ಬರುತ್ತಾರೆ. ತಿಂಗಳುಗಟ್ಟಲೆ ಮುಂಚೆ ದೋಣಿಯ ಚೀಟಿ ಕಾದಿರಿಸುತ್ತಾರೆ. ಅಲ್ಲಿ ಹೋಟೆಲಿಲ್ಲ, ಅಂಗಡಿಯಿಲ್ಲ, ನಲ್ಲಿಯಿಲ್ಲ, ಫೋನಿನ ಸಂಕೇತವೂ ಸಿಕ್ಕದು. ಇಷ್ಟೆಲ್ಲ ಇಲ್ಲದ ಕಡೆ ಹೋಗಿ ಮಲಗುವುದೇನು ಸುಖ ಎಂದು ಕೇಳಬಹುದು. ಆ ಬಿಡಾರದ ವ್ಯವಸ್ಥೆ ಹೇಗೆ ನಡೆಯುತ್ತದೆ, ಕೋಟೆಯ ಕತೆ ಏನು, ನೀರಿನ ವಿಷಯದಲ್ಲಿ ಅಲ್ಲಿ ಆದದ್ದೇನು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಹೊಲ, ಹೊಂಡ, ತೊಟ್ಟಿ ಇಟ್ಟುಕೊಂಡು ಬಾಳುವ ನಮಗೆ ಅದರಲ್ಲಿ ಕೇಳಬೇಕಾದ ಸಂಗತಿಗಳು ಸಾಕಷ್ಟಿವೆ.

ಹೆಸರಿನಲ್ಲೇ ಇರುವ ಎಚ್ಚರಿಕೆ

1513ನೆಯ ಇಸವಿಯಲ್ಲಿ ಸ್ಪೇನ್ ದೇಶದ ನಾವಿಕ ಪೋನ್ಸ್ ದೆ ಲಿಯೋನ್ ಎಂಬುವನು ಈ ದಿಬ್ಬಗಳನ್ನು ಕಂಡ. ಅವನ ಕಡೆಯವರು ಇಲ್ಲಿ ನೂರಕ್ಕೂ ಮಿಕ್ಕಿ ಕಡಲಾಮೆಗಳನ್ನು ಹಿಡಿದರು. ಆ ಕಾಲದ ಹಡಗಿನವರಿಗೆ ಆಮೆಯೆಂದರೆ ಕೆಡದೆ ಉಳಿಯುವ ಮಾಂಸ. ಜೀವಸಹಿತ ಹಡಗಿನಲ್ಲಿಟ್ಟುಕೊಂಡು ಬೇಕಾದಾಗ ಕೊಯ್ಯುತ್ತಿದ್ದರು. ಹಾಗಾಗಿ ದ್ವೀಪಗಳಿಗೆ ‘ತೊರ್ತುಗಾಸ್’, ಅಂದರೆ ಆಮೆಗಳು ಎಂದು ಹೆಸರಿಟ್ಟರು. ಮುಂದೆ ಹಡಗಿನ ನಕಾಶೆಗಳಲ್ಲಿ ಅದರ ಮುಂದೆ ‘ಡ್ರೈ’ ಎಂಬ ಮಾತು ಸೇರಿತು. ಡ್ರೈ ಎಂದರೆ ಒಣ. ಇಲ್ಲಿ ಸಿಹಿನೀರಿಲ್ಲ, ನೀರು ತುಂಬಿಸಿಕೊಳ್ಳಲೆಂದು ಯಾರೂ ಈ ಕಡೆ ಬರಬೇಡಿ ಎಂದು ದಾರಿಯವರಿಗೆ ಕೊಟ್ಟ ಎಚ್ಚರಿಕೆ ಅದು. ನಮ್ಮ ಕಡೆಯೂ ಬರಡು ಬಾವಿಗೆ, ಉಪ್ಪು ಬಾವಿಗೆ ಹೆಸರಿಡುವ ವಾಡಿಕೆಯಿದೆ. ಹೆಸರು ಕೇಳಿದವನು ಕೊಡ ಹಿಡಿದು ಅತ್ತ ಹೋಗುವುದಿಲ್ಲ.

ನೀರಿಲ್ಲದ ಜಾಗದಲ್ಲಿ ಕೋಟೆ ಏಕೆ? ಅಮೆರಿಕದ ಒಳನಾಡಿನ ಹತ್ತಿ, ಧಾನ್ಯ ಮುಂತಾದ ಸರಕು ಮಿಸಿಸಿಪಿ ನದಿಯ ಮೂಲಕ ಸಮುದ್ರಕ್ಕೆ ಇಳಿದು, ಫ್ಲಾರಿಡಾ ಜಲಸಂಧಿಯ ದಾರಿಯಾಗಿ ಹೊರದೇಶಕ್ಕೆ ಹೋಗಬೇಕಾಗಿತ್ತು. ಈ ದ್ವೀಪಗಳ ನಡುವೆ ಹಡಗುಗಳು ಬಿರುಗಾಳಿಗೆ ಸಿಕ್ಕದೆ ಲಂಗರು ಹಾಕಿ ನಿಲ್ಲಬಹುದಾದ ಆಳದ ಜಾಗವಿದೆ. ಆ ಜಾಗ ಶತ್ರುವಿನ ಕೈಗೆ ಹೋದರೆ ಇಡೀ ವ್ಯಾಪಾರದ ಕುತ್ತಿಗೆ ಹಿಡಿದಂತೆ. ಆದುದರಿಂದ 1846ರಲ್ಲಿ ಕೆಲಸ ಆರಂಭಿಸಿದರು. ಆರು ಮೂಲೆಯ ಕೋಟೆ, ಸುಮಾರು 8 ಅಡಿ ದಪ್ಪದ ಗೋಡೆ, ಎತ್ತರ 45 ಅಡಿ, ಎರಡು ಸಾವಿರಕ್ಕೂ ಮಿಕ್ಕಿದ ಕಮಾನುಗಳು, ಸುತ್ತಲೂ ಕಂದಕ. ನಾನೂರಕ್ಕೂ ಹೆಚ್ಚು ತೋಪುಗಳನ್ನೂ 1,500 ಸಿಪಾಯಿಗಳನ್ನೂ ಇರಿಸುವ ಯೋಜನೆ. ಕಟ್ಟಿದವರಲ್ಲಿ ಕೂಲಿಯವರಿದ್ದರು, ಕಲ್ಲುಕುಟಿಗರಿದ್ದರು, ಸೈನಿಕ ಕೈದಿಗಳಿದ್ದರು. ಮೊದಲ ವರ್ಷಗಳಲ್ಲಿ ಕೀ ವೆಸ್ಟ್‌ನ ಧಣಿಗಳಿಂದ ಬಾಡಿಗೆಗೆ ತಂದ ಗುಲಾಮರೂ ಇದ್ದರು. ದುಡಿಮೆ ಅವರದು, ಬಾಡಿಗೆ ಹಣ ಧಣಿಯದು.

ಮೂವತ್ತು ವರ್ಷ ಕೆಲಸ ನಡೆದರೂ ಕೋಟೆ ಪೂರ್ತಿಯಾಗಲಿಲ್ಲ. ಇಂದಿಗೂ ಗೋಡೆಯನ್ನು ದೂರದಿಂದ ನೋಡಿದರೆ ಕೆಳಗಿನ ಭಾಗ ಒಂದು ಬಣ್ಣ, ಮೇಲಿನ ಭಾಗ ಹೆಚ್ಚು ಕೆಂಪು. ಮೊದಲು ಇಟ್ಟಿಗೆ ಬರುತ್ತಿದ್ದುದು ಹತ್ತಿರದ ಪೆನ್ಸಕೋಲಾದಿಂದ. 1861ರಲ್ಲಿ ದೇಶದ ಉತ್ತರ ದಕ್ಷಿಣ ರಾಜ್ಯಗಳಿಗೆ ಯುದ್ಧ ಹತ್ತಿಕೊಂಡಿತು. ಕೋಟೆ ಉತ್ತರದವರ ವಶದಲ್ಲಿತ್ತು, ಇಟ್ಟಿಗೆಯ ಗೂಡುಗಳು ದಕ್ಷಿಣದವರ ಕಡೆ. ಅಲ್ಲಿಂದ ಮುಂದೆ ದೂರದ ಮೇನ್ ರಾಜ್ಯದಿಂದ ಇಟ್ಟಿಗೆ ತರಿಸಬೇಕಾಯಿತು. ಯುದ್ಧದ ಗೆರೆ ಹೀಗೆ ಗೋಡೆಯ ಮೇಲೆಯೇ ಬಿದ್ದಿದೆ. ಅಷ್ಟರಲ್ಲಿ 1862ರಲ್ಲಿ ಜಾರ್ಜಿಯಾದ ಪುಲಾಸ್ಕಿ ಎಂಬ ಇನ್ನೊಂದು ಇಟ್ಟಿಗೆಯ ಕೋಟೆಯನ್ನು ಹೊಸ ಬಗೆಯ ತೋಪುಗಳು ಎರಡು ದಿನದೊಳಗೆ ಒಡೆದುಹಾಕಿದವು. ಇಟ್ಟಿಗೆಯ ಕೋಟೆಗಳ ಕಾಲ ಮುಗಿಯಿತೆಂದು ಎಲ್ಲರಿಗೂ ತಿಳಿಯಿತು. ಆದರೂ ಫೋರ್ಟ್ ಜೆಫರ್ಸನ್ನಿನ ಕೆಲಸ ಇನ್ನೂ ಹತ್ತು ಹನ್ನೆರಡು ವರ್ಷ ಎಳೆಯಿತು. ಒಮ್ಮೆ ಹಿಡಿದ ಸರಕಾರಿ ಕೆಲಸವನ್ನು ನಿಲ್ಲಿಸುವುದು ಯಾವ ದೇಶದಲ್ಲೂ ಸುಲಭವಲ್ಲವೆಂದು ಕಾಣುತ್ತದೆ.

ತೊಟ್ಟಿಗಳ ಗತಿ

ಈಗ ನೀರಿನ ಮಾತಿಗೆ ಬರೋಣ. ಬಾವಿ ತೋಡಿದರೆ ಉಪ್ಪುನೀರು. ಆದುದರಿಂದ ಎಂಜಿನಿಯರರು ಮಳೆಯನ್ನೇ ನಂಬಿದರು. ಅವರ ಯೋಚನೆ ನಿಜವಾಗಿಯೂ ಜಾಣತನದ್ದು. ಕೋಟೆಯ ಮೇಲ್ಭಾಗದ ವಿಶಾಲವಾದ ತಾರಸಿಯ ಮೇಲೆ ಬಿದ್ದ ಮಳೆಯ ನೀರು, ಗೋಡೆಯೊಳಗೆ ಅಲ್ಲಲ್ಲಿ ಬಿಟ್ಟ ಉದ್ದನೆಯ ಕೊಳವೆಯಂಥ ಕಂಬಗಳಲ್ಲಿ ಇಳಿಯಬೇಕು. ಆ ಕಂಬಗಳಲ್ಲಿ ಮರಳು ತುಂಬಿದೆ. ಮರಳಿನ ಮೂಲಕ ಸೋಸಿ ಇಳಿದ ನೀರು ತಳಪಾಯದಲ್ಲಿರುವ ತೊಟ್ಟಿಗಳಲ್ಲಿ ಶೇಖರವಾಗಬೇಕು. ಈ ತೊಟ್ಟಿಗಳೆಲ್ಲ ಸೇರಿ ಸುಮಾರು 15 ಲಕ್ಷ ಗ್ಯಾಲನ್ ಹಿಡಿಯುವಂತೆ ಲೆಕ್ಕ. ಅಮೆರಿಕದ ಗ್ಯಾಲನ್ ಎಂದರೆ ಮೂರೂ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು. ಒಟ್ಟು 57 ಲಕ್ಷ ಲೀಟರಿನ ಹತ್ತಿರ ಬರುತ್ತದೆ. ನೂರಡಿ ಉದ್ದ, ನೂರಡಿ ಅಗಲ, ಹತ್ತಡಿ ಆಳದ ಹೊಂಡಗಳು ಎರಡು ತುಂಬಿದರೆ ಅಷ್ಟು ನೀರು. 1,500 ಜನರಿಗೆ ತಲೆಗೆ ದಿನಕ್ಕೆ ಒಂದು ಗ್ಯಾಲನ್ನಿನಂತೆ ಕೊಟ್ಟರೂ ಸಾವಿರ ದಿನ ಬಂದೀತು. ಕಾಗದದ ಮೇಲೆ ಕೊರತೆಯೇ ಇಲ್ಲ.

ಕೊರತೆ ಬಂದದ್ದು ನೆಲದಿಂದ. ಕೆಳಗೆ ಗಟ್ಟಿ ಹವಳದ ಬಂಡೆ ಇದೆ, ಎಷ್ಟು ಭಾರವಾದರೂ ತಡೆಯುತ್ತದೆ ಎಂದು ನಂಬಿ ಕಟ್ಟಿದ್ದರು. ನಿಜವಾಗಿ ಅದು ಮರಳು, ಚಿಪ್ಪು, ಹವಳದ ಪುಡಿ ಸೇರಿ ಕೂಡಿಬಂದ ದಿಬ್ಬ. ಮೇಲೆ ಗೋಡೆ ಏರಿದಂತೆಲ್ಲ ಕೆಳಗೆ ನೆಲ ಕುಸಿಯಿತು. ಒಂದೇ ಸಮನಾಗಿ ಕುಸಿದಿದ್ದರೆ ಅಷ್ಟು ಕೇಡಾಗುತ್ತಿರಲಿಲ್ಲ; ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇಳಿಯಿತು. ತೊಟ್ಟಿಗಳು ಬಿರುಕು ಬಿಟ್ಟವು. ಬಿರುಕಿನಿಂದ ಕಡಲ ನೀರು ಒಳನುಗ್ಗಿ ಮಳೆಯ ನೀರೆಲ್ಲ ಉಪ್ಪಾಯಿತು. ಕೋಟೆಯ ನಡುವಿನ ಬಯಲಿನಲ್ಲಿ ಬೇರೆಯಾಗಿ ಕಟ್ಟಿದ್ದ ತೊಟ್ಟಿಗಳು ಮಾತ್ರ ಉಪಯೋಗಕ್ಕೆ ಉಳಿದವು. ಯುದ್ಧಕಾಲದಲ್ಲಿ ಕೋಟೆಯ ಜನಸಂಖ್ಯೆ ಏರಿದಾಗ ಅದು ಏನೂ ಸಾಲದೆ, ಉಗಿಯಂತ್ರಗಳನ್ನು ತಂದು ಕಡಲ ನೀರನ್ನು ಕಾಸಿ, ಆವಿಯನ್ನು ತಣಿಸಿ ಕುಡಿಯುವ ನೀರು ಮಾಡಿಕೊಂಡರು. ಅದಕ್ಕೆ ಬೇಕಾದ ಇಂಧನವನ್ನೂ ಹಡಗಿನಲ್ಲೇ ತರಬೇಕಾಗಿತ್ತು.

ಇಲ್ಲಿ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾಗದು. ನಮ್ಮ ಹಳ್ಳಿಗಳಲ್ಲೂ ಮಳೆನೀರಿನ ತೊಟ್ಟಿ, ಕೃಷಿ ಹೊಂಡ ಮಾಡಿಸುವಾಗ ಗಾತ್ರದ ಮಾತು ಆಡುವಷ್ಟು ತಳದ ಮಾತು ಆಡುವುದಿಲ್ಲ. ಹೊಸದಾಗಿ ತುಂಬಿದ ಮಣ್ಣಿನ ಮೇಲೆ, ಅರ್ಧ ಕಪ್ಪುಮಣ್ಣು ಅರ್ಧ ಗಟ್ಟಿ ನೆಲ ಇರುವ ಕಡೆ ತೊಟ್ಟಿ ಕಟ್ಟಿದರೆ ಒಂದೆರಡು ಮಳೆಗಾಲದೊಳಗೆ ಒಂದು ಮಗ್ಗುಲು ಇಳಿದು ಬಿರುಕು ಬೀಳುತ್ತದೆ. ಮೇಲೆ ಎಷ್ಟು ಸಿಮೆಂಟು ಬಳಿದರೂ ಅದು ನಿಲ್ಲದು. ತೊಟ್ಟಿ ಕಟ್ಟುವ ಮುಂಚೆ ಗುಂಡಿ ತೋಡಿ ಕೆಳಗಿನ ನೆಲ ಯಾವುದು, ನಾಲ್ಕು ಮೂಲೆಗೂ ಒಂದೇ ಬಗೆಯದೇ ಎಂದು ನೋಡಿಕೊಳ್ಳಬೇಕು.

ದ್ವೀಪದ ಕೋಟೆಗಳೆಲ್ಲಕ್ಕೂ ಇದೇ ಗತಿ ಎಂದಲ್ಲ. ನಮ್ಮ ಪಡುವಣ ಕಡಲಿನಲ್ಲಿ, ಮಹಾರಾಷ್ಟ್ರದ ಮಾಲವಣದ ಎದುರಿಗೆ, ಶಿವಾಜಿ ಮಹಾರಾಜರು 1664ರಲ್ಲಿ ಆರಂಭಿಸಿ ಕಟ್ಟಿಸಿದ ಸಿಂಧುದುರ್ಗದೊಳಗೆ ಸಿಹಿನೀರಿನ ಬಾವಿಗಳೇ ಇವೆ. ಅದು ಕಲ್ಲಿನ ದ್ವೀಪ, ಇದು ಮರಳಿನ ದಿಬ್ಬ.

ಕಬ್ಬಿಣವೂ ಅಲ್ಲಿ ಕೈಕೊಟ್ಟಿತು. ತೋಪಿನ ಕಿಂಡಿಗಳಿಗೆ ಕಬ್ಬಿಣದ ದಪ್ಪ ಬಾಗಿಲುಗಳನ್ನು ಗೋಡೆಯೊಳಗೆ ಹುಗಿದು ಕೂಡಿಸಿದ್ದರು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯಿತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿ ಸುತ್ತಲಿನ ಇಟ್ಟಿಗೆಯನ್ನು ಒಡೆದು ಕಂದಕಕ್ಕೆ ಕೆಡವಿತು. ಶತ್ರು ಒಂದು ಗುಂಡೂ ಹಾರಿಸಲಿಲ್ಲ, ಗೋಡೆಯನ್ನು ಕಾಯಬೇಕಾದ ಕಬ್ಬಿಣವೇ ಗೋಡೆಯನ್ನು ಒಡೆಯಿತು. ಈಗಿನ ದುರಸ್ತಿಯ ದೊಡ್ಡ ಭಾಗವೆಂದರೆ ಈ ಹಳೆಯ ಕಬ್ಬಿಣವನ್ನು ತೆಗೆದು ಇಟ್ಟಿಗೆಯನ್ನು ಮತ್ತೆ ಕೂಡಿಸುವುದು. ಉಪ್ಪು ಮರಳಿನಿಂದ ತಾರಸಿ ಹಾಕಿಸಿದವರ ಮನೆಯಲ್ಲಿ ಕಂಬಿ ಉಬ್ಬಿ ಗಾರೆ ಉದುರುವುದೂ ಇದೇ ಕಾರಣದಿಂದಲೇ.

ಜ್ವರದ ವರ್ಷ

ಯುದ್ಧಕಾಲದಲ್ಲಿ ಈ ಕೋಟೆ ಸೆರೆಮನೆಯಾಯಿತು. ಸೈನ್ಯದಿಂದ ಓಡಿಹೋದವರನ್ನು, ಅಪರಾಧ ಮಾಡಿದ ಸಿಪಾಯಿಗಳನ್ನು ಇಲ್ಲಿಗೆ ಕಳುಹಿಸುತ್ತಿದ್ದರು. 1864ರಲ್ಲಿ ಕೈದಿಗಳ ಸಂಖ್ಯೆ ಎಂಟುನೂರನ್ನು ಮೀರಿತ್ತು. ಬೇಲಿ ಬೇಕಿರಲಿಲ್ಲ, ಕಡಲೇ ಬೇಲಿ. ಹಸಿ ತರಕಾರಿ, ಹಣ್ಣು ಕಾಣದೆ ಜನರಿಗೆ ಒಸಡು ಊದಿ ರಕ್ತ ಸೋರುವ ಸ್ಕರ್ವಿ ರೋಗ ಬರುತ್ತಿತ್ತು. ನಮ್ಮ ಬೇಲಿಯ ನಿಂಬೆ, ಕಾಡಿನ ನೆಲ್ಲಿಕಾಯಿ ಅಲ್ಲಿದ್ದರೆ ಆ ರೋಗವೇ ಇರುತ್ತಿರಲಿಲ್ಲ.

1865ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಕೊಲೆಯಾಯಿತು. ಕೊಲೆಗಾರ ಬೂತ್ ಓಡಿಹೋಗುವಾಗ ಮುರಿದುಕೊಂಡ ಕಾಲಿಗೆ ಕಟ್ಟು ಹಾಕಿದವನು ಸ್ಯಾಮ್ಯುಯಲ್ ಮಡ್ ಎಂಬ ಹಳ್ಳಿಯ ವೈದ್ಯ. ಹೊಗೆಸೊಪ್ಪು ಬೆಳೆಯುವ ಜಮೀನುದಾರನೂ ಹೌದು. ಒಳಸಂಚಿನಲ್ಲಿ ಇವನದೂ ಕೈಯಿತ್ತೆಂದು ತೀರ್ಮಾನಿಸಿ ಜೀವಾವಧಿ ಶಿಕ್ಷೆ ವಿಧಿಸಿ, ಇನ್ನು ಮೂವರ ಜೊತೆಯಲ್ಲಿ ಈ ಕೋಟೆಗೆ ತಂದು ಹಾಕಿದರು. ಅವನ ತಪ್ಪು ಎಷ್ಟು ಎಂಬ ವಾದ ಅಲ್ಲಿ ಇಂದಿಗೂ ನಡೆದೇ ಇದೆ. ಬಂದ ವರ್ಷವೇ ಹಡಗಿನಲ್ಲಿ ಅಡಗಿಕೊಂಡು ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದ.

1867ರಲ್ಲಿ ಕೋಟೆಗೆ ಹಳದಿ ಜ್ವರ ಬಂತು. ಆಗ ಅಲ್ಲಿದ್ದ ಸುಮಾರು 400 ಜನರಲ್ಲಿ 270 ಮಂದಿ ಮಲಗಿದರು, 38 ಮಂದಿ ಸತ್ತರು. ಸೈನ್ಯದ ವೈದ್ಯ ಸ್ಮಿತ್ ಎಂಬುವರೇ ಜ್ವರಕ್ಕೆ ಬಲಿಯಾದರು. ಆಗ ಕೈದಿಯಾಗಿದ್ದ ಮಡ್ ರೋಗಿಗಳ ಆರೈಕೆಗೆ ನಿಂತ. ಕೀ ವೆಸ್ಟ್‌ನಿಂದ ವೈಟ್‌ಹರ್ಸ್ಟ್ ಎಂಬ ವೃದ್ಧ ವೈದ್ಯರು ಬಂದು ಕೈಗೂಡಿಸಿದರು. ಮಡ್ಡನ ಜೊತೆ ಬಂದ ಮೂವರು ಕೈದಿಗಳಲ್ಲಿ ಒಬ್ಬನು ಇದೇ ಜ್ವರಕ್ಕೆ ತೀರಿಕೊಂಡ. ಬದುಕಿ ಉಳಿದ ಸಿಪಾಯಿಗಳು ಈ ವೈದ್ಯನಿಗೆ ಕ್ಷಮೆ ನೀಡಬೇಕೆಂದು ಅರ್ಜಿ ಬರೆದರು. 1869ರಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ ಕ್ಷಮೆ ಕೊಟ್ಟ ಮೇಲೆ ಮಡ್ ಮನೆಗೆ ಹೋದ.

ಜ್ವರ ಹೇಗೆ ಬರುತ್ತದೆಂದು ಅಂದಿನ ವೈದ್ಯರಿಗೆ ತಿಳಿದಿರಲಿಲ್ಲ. ಕೆಟ್ಟ ಗಾಳಿಯಿಂದ ಎಂದು ತಿಳಿದರು. ಕಂದಕಕ್ಕೆ ಶೌಚದ ಹೊಲಸು ಬೀಳುತ್ತಿತ್ತು. ಕಡಲಿನ ಏರಿಳಿತ ಅದನ್ನು ತೊಳೆದುಕೊಂಡು ಹೋಗಬೇಕಾಗಿತ್ತು, ಸರಿಯಾಗಿ ಹೋಗುತ್ತಿರಲಿಲ್ಲ. ಆ ನಾತವನ್ನೇ ಕಾರಣವೆಂದು ದೂರಿದರು. ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಇದು ಸೊಳ್ಳೆಯಿಂದ ಹರಡುವುದೆಂದು ಹೇಳಿದಾಗ ಬಹಳ ಜನ ನಂಬಲಿಲ್ಲ. 1900ರಲ್ಲಿ ವಾಲ್ಟರ್ ರೀಡ್ ನೇತೃತ್ವದ ವೈದ್ಯರ ತಂಡ ಕ್ಯೂಬಾದಲ್ಲಿ ಪ್ರಯೋಗ ಮಾಡಿ ಅದನ್ನು ಸಿದ್ಧಪಡಿಸಿತು.

ಆ ಸೊಳ್ಳೆ ಯಾವುದು ಗೊತ್ತೆ? ಈಡಿಸ್ ಸೊಳ್ಳೆ. ಕಾಲುಗಳ ಮೇಲೆ ಬಿಳಿ ಪಟ್ಟೆ ಇರುವುದು. ಹಳದಿ ಜ್ವರ ನಮ್ಮ ದೇಶದಲ್ಲಿಲ್ಲ. ಆದರೆ ನಮ್ಮ ಊರುಗಳಲ್ಲಿ ಡೆಂಗ್ಯೂ, ಚಿಕುನ್‌ಗುನ್ಯ ಹರಡುವುದು ಇದೇ ಸೊಳ್ಳೆಯಿಂದ. ಇದು ಚರಂಡಿಯ ಕೊಳಕು ನೀರಿನಲ್ಲಿ ಅಷ್ಟಾಗಿ ಹುಟ್ಟದು. ತೊಟ್ಟಿ, ಡ್ರಮ್ಮು, ಹಂಡೆ, ಒಡೆದ ಮಡಕೆ, ಹಳೆಯ ಟಯರು, ಎಳನೀರಿನ ಬುರುಡೆಗಳಲ್ಲಿ ನಿಂತ ತಿಳಿನೀರೇ ಇದಕ್ಕೆ ಬೇಕು. ನೀರಿಗಾಗಿ ತೊಟ್ಟಿ, ಪೀಪಾಯಿಗಳನ್ನೇ ನೆಚ್ಚಿಕೊಂಡ ಕೋಟೆ ಇಂಥ ಸೊಳ್ಳೆಗೆ ತವರುಮನೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಮೊಟ್ಟೆ ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ನೀರು ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಇರುತ್ತದೆ. ಅದಕ್ಕಾಗಿಯೇ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆದು, ಒಣಗಿಸಿ, ಮುಚ್ಚಳ ಹಾಕಬೇಕು ಎನ್ನುವುದು. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ತೊಟ್ಟಿ ಇಣುಕಿ ನೋಡಿದರೆ ಕೆಲವರು ಸಿಟ್ಟಾಗುವುದುಂಟು. ಆ ಕೋಟೆಯಲ್ಲಿ ಅಂಥವರೊಬ್ಬರಿದ್ದು ತೊಟ್ಟಿಗಳಿಗೆ ಮುಚ್ಚಳ ಹಾಕಿಸಿದ್ದರೆ ಆ 38 ಜನರಲ್ಲಿ ಎಷ್ಟು ಮಂದಿ ಬದುಕುತ್ತಿದ್ದರೋ.

ಮತ್ತೊಮ್ಮೆ ಜ್ವರ, ಅದರ ಮೇಲೆ ಬಿರುಗಾಳಿ ಬಡಿದು, 1874ರಲ್ಲಿ ಸೈನ್ಯ ಕೋಟೆ ಬಿಟ್ಟಿತು. 1888ರಿಂದ ಕೆಲಕಾಲ ಹಡಗುಗಳ ರೋಗಿಗಳನ್ನು ಬೇರೆಯಿರಿಸುವ ಠಾಣೆಯಾಗಿತ್ತು. 1908ರಲ್ಲಿ ದ್ವೀಪಗಳು ಪಕ್ಷಿಧಾಮವಾದವು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ರಾಷ್ಟ್ರೀಯ ಸ್ಮಾರಕವೆಂದೂ, 1992ರಲ್ಲಿ ಅಲ್ಲಿನ ಸರಕಾರ ರಾಷ್ಟ್ರೀಯ ಉದ್ಯಾನವೆಂದೂ ಸಾರಿತು. ಉದ್ಯಾನದ ವಿಸ್ತಾರ ಸುಮಾರು ನೂರು ಚದರ ಮೈಲಿ. ಅದರಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ನೆಲ.

ಬಿಡಾರ ಹೂಡುವ ಬಗೆ

ಈಗ ಡೇರೆಯ ಮಾತು. ಕೀ ವೆಸ್ಟ್‌ನಿಂದ ದಿನಕ್ಕೊಂದು ದೊಡ್ಡ ದೋಣಿ ಬೆಳಿಗ್ಗೆ ಹೊರಟು ಎರಡು ಗಂಟೆಗೂ ಮಿಕ್ಕಿದ ಪ್ರಯಾಣದ ಮೇಲೆ ದ್ವೀಪಕ್ಕೆ ಬರುತ್ತದೆ. ನೀರಿನ ಮೇಲೆ ಇಳಿಯುವ ಸಣ್ಣ ವಿಮಾನವೂ ಉಂಟು. ದೋಣಿಯಲ್ಲಿ ಬರುವವರಲ್ಲಿ ಬಹುಮಂದಿ ಹಗಲಿನ ಯಾತ್ರಿಕರು. ನಾಲ್ಕು ಗಂಟೆ ಸುತ್ತಾಡಿ ಮರಳುತ್ತಾರೆ. ರಾತ್ರಿ ಉಳಿಯಲು ಡೇರೆಯೊಂದಿಗೆ ಬರುವವರನ್ನು ಒಂದು ದೋಣಿಗೆ ಹತ್ತು ಜನರ ಮಿತಿಯಲ್ಲಿ ಮಾತ್ರ ಹತ್ತಿಸಿಕೊಳ್ಳುವ ಕಟ್ಟುಪಾಡು ಇದೆ. ಡೇರೆಯ ಜಾಗಗಳೇ ಬೆರಳೆಣಿಕೆಯಷ್ಟು. ಮೊದಲು ಬಂದವರಿಗೆ ಮೊದಲು ಜಾಗ. ಹೆಚ್ಚಾಗಿ ಬಂದವರಿಗೆ ಪಕ್ಕದ ಹುಲ್ಲುಬಯಲು. ಕಡಲತೀರದ ಕೆಲವು ಮರಗಳ ನೆರಳುಂಟು, ಒಂದೊಂದು ಜಾಗಕ್ಕೆ ಒಂದು ಮೇಜು, ಇದ್ದಿಲು ಒಲೆಯ ಕಟ್ಟೆ. ಅಷ್ಟೇ ಸೌಕರ್ಯ.

ನೀರನ್ನು ಹೊತ್ತುಕೊಂಡೇ ಹೋಗಬೇಕು. ತಲೆಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್ ಎಂದು ಹೇಳುತ್ತಾರೆ. ನಾಲ್ಕು ಜನರ ಸಂಸಾರ ಮೂರು ರಾತ್ರಿ ತಂಗಿದರೆ ನಾಲ್ಕು ಹಗಲು ಲೆಕ್ಕ. ಗಾಳಿ ಎದ್ದರೆ ದೋಣಿ ಒಂದು ದಿನ ಬಾರದೆಯೂ ಇರಬಹುದು, ಅದಕ್ಕೆ ಇನ್ನೊಂದು ದಿನದ್ದು ಸೇರಿಸಬೇಕು. ಒಟ್ಟು ಇಪ್ಪತ್ತು ಗ್ಯಾಲನ್, ಅಂದರೆ 75 ಲೀಟರು. ಹದಿನೈದು ಲೀಟರಿನ ಕೊಡ ಐದು. ಇಷ್ಟರಲ್ಲೇ ಕುಡಿಯಬೇಕು, ಬೇಯಿಸಬೇಕು, ಕೈತೊಳೆಯಬೇಕು. ಸ್ನಾನವೆಂದರೆ ಕಡಲಲ್ಲಿ ಮುಳುಗುವುದು. ಮೈಮೇಲೆ ಉಪ್ಪು ಕಟ್ಟಿಕೊಳ್ಳುವುದನ್ನು ಸಹಿಸಬೇಕು. ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯ್ದು ಕೊಡ ಎಣಿಸಿದ ನಮ್ಮ ಹೆಣ್ಣುಮಕ್ಕಳಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಅವರು ಇದಕ್ಕೆ ಹಣ ಕೊಟ್ಟು ಹೋಗುತ್ತಾರೆಂಬುದಷ್ಟೇ ಹೊಸದು.

ಅಡುಗೆಗೆ ಗ್ಯಾಸು, ಸೀಮೆಎಣ್ಣೆ ಒಯ್ಯುವಂತಿಲ್ಲ. ದೋಣಿಯವರು ಅವನ್ನು ಹತ್ತಿಸಿಕೊಳ್ಳುವುದಿಲ್ಲ. ಇದ್ದಿಲು ತೆಗೆದುಕೊಂಡು ಹೋಗಿ ಕಟ್ಟೆಯ ಒಲೆಯಲ್ಲಿ ಹೊತ್ತಿಸಬಹುದು. ನೆಲದ ಮೇಲೆ ಬೆಂಕಿ ಹಾಕುವಂತಿಲ್ಲ, ಸೌದೆ ಆಯುವಂತಿಲ್ಲ. ಆ ಚಿಕ್ಕ ದ್ವೀಪದಲ್ಲಿ ಬರುವ ಒಬ್ಬೊಬ್ಬರೂ ಒಂದೊಂದು ಕೊಂಬೆ ಮುರಿದರೆ ವರ್ಷದೊಳಗೆ ಮರವೇ ಇರಲಾರದು.

ಇಲಿಗಳ ಕಾಟ ವಿಪರೀತ. ಹಡಗುಗಳಿಂದ ಇಳಿದು ಬಂದ ಇಲಿಗಳ ಸಂತತಿ ಅದು. ಶಂಖದ ಚಿಪ್ಪಿನಲ್ಲಿ ಮನೆ ಮಾಡುವ ಏಡಿಗಳೂ ರಾತ್ರಿ ಸಾಲಾಗಿ ಬರುತ್ತವೆ. ಬಟ್ಟೆಯ ಚೀಲ, ಪ್ಲಾಸ್ಟಿಕ್ ಚೀಲದಲ್ಲಿಟ್ಟ ತಿಂಡಿ ಬೆಳಗಾಗುವುದರೊಳಗೆ ಅವುಗಳ ಪಾಲು. ಬಿಗಿ ಮುಚ್ಚಳದ ಗಟ್ಟಿ ಡಬ್ಬಿಯಲ್ಲೇ ಆಹಾರ ಇಡಬೇಕೆಂದು ಕಟ್ಟುನಿಟ್ಟು. ಡೇರೆಯೊಳಗೆ ಒಂದು ಬಿಸ್ಕತ್ತು ಇಟ್ಟುಕೊಂಡು ಮಲಗಿದರೂ ಇಲಿ ಡೇರೆಗೇ ತೂತು ಹಾಕೀತು. ಕಣಜ ಕಾಯುವ ಮಂದಿಗೆ ಇದು ಗೊತ್ತಿರುವ ಪಾಠ.

ಶೌಚಾಲಯ ಮಲವನ್ನು ಗೊಬ್ಬರವಾಗಿಸುವ ಬಗೆಯದು, ನೀರು ಸುರಿಯುವುದಲ್ಲ. ಹಗಲಿನ ಯಾತ್ರಿಕರ ದೋಣಿ ನಿಂತಿರುವ ಹೊತ್ತು ಅದನ್ನು ಮುಚ್ಚುತ್ತಾರೆ. ಎಲ್ಲರೂ ದೋಣಿಯಲ್ಲಿರುವುದನ್ನೇ ಬಳಸಬೇಕು. ದಿನಕ್ಕೆ ನೂರಾರು ಜನರ ಭಾರ ಬಿದ್ದರೆ ಗೊಬ್ಬರವಾಗುವ ಕ್ರಿಯೆಯೇ ಕೆಡುತ್ತದೆ. ನಮ್ಮ ತಿಪ್ಪೆಗುಂಡಿಗೂ ಒಂದು ಮಿತಿ ಇರುವುದಿಲ್ಲವೆ, ಹಾಗೆ. ಕಸದ ಬುಟ್ಟಿ ದ್ವೀಪದಲ್ಲೆಲ್ಲೂ ಇಲ್ಲ. ತಂದವರು ತಮ್ಮ ಕಸವನ್ನೆಲ್ಲ ಕಟ್ಟಿಕೊಂಡು ಹಿಂದಕ್ಕೆ ಒಯ್ಯಬೇಕು. ಬಾಳೆಹಣ್ಣಿನ ಸಿಪ್ಪೆಯನ್ನು ಸಹ ಬಿಟ್ಟುಬರುವಂತಿಲ್ಲ. ನಮ್ಮ ಜಾತ್ರೆಗಳ ಮಾರನೆಯ ದಿನದ ಬಯಲನ್ನು ಕಂಡವರಿಗೆ ಈ ಕಟ್ಟಳೆ ಹಿಡಿಸೀತು. ನಮ್ಮಲ್ಲಿ ಇದನ್ನು ತರುವುದು ಕಷ್ಟ, ಆದರೆ ಅಸಾಧ್ಯವೆಂದು ನನಗೆ ತೋರುವುದಿಲ್ಲ.

ಸೂರ್ಯ ಮುಳುಗಿದ ಮೇಲೆ ಕೋಟೆಯೊಳಗೆ ಪ್ರವೇಶವಿಲ್ಲ. ಹೊರಗಿನ ಮರಳಿನ ಮೇಲೆ ಕುಳಿತವರಿಗೆ ಆಗ ಆಕಾಶ ಕಾಣುತ್ತದೆ. ಸುತ್ತ ಎಲ್ಲೂ ಊರದೀಪವಿಲ್ಲದ್ದರಿಂದ ಆಕಾಶಗಂಗೆ ಬಿಳಿಯ ಹೊಳೆಯಂತೆ ಹರಿದಿರುತ್ತದೆ. ಪೇಟೆಯವರು ಇದನ್ನು ನೋಡಲೆಂದೇ ಅಷ್ಟು ದೂರ ಹೋಗುತ್ತಾರೆ. ಕಣದಲ್ಲಿ ಮಲಗಿ ರಾಶಿ ಕಾಯ್ದ ನಮ್ಮ ಹಿರಿಯರಿಗೆ ಪ್ರತಿ ಸುಗ್ಗಿಯಲ್ಲೂ ದೊರೆಯುತ್ತಿದ್ದ ನೋಟ ಅದು. ಈಗ ಪ್ರತಿ ಓಣಿಗೂ ವಿದ್ಯುತ್ ದೀಪ ಬಂದ ಮೇಲೆ ನಮ್ಮ ಮಕ್ಕಳಿಗೂ ಅಪರೂಪವಾಗುತ್ತಿದೆ.

ಡೇರೆಯವರು ದೀಪ ಹೆಚ್ಚು ಹಾಕದಂತೆ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಬೇಸಗೆಯ ತಿಂಗಳುಗಳಲ್ಲಿ ಕಡಲಾಮೆಗಳು ಈ ದ್ವೀಪಗಳ ಮರಳಿಗೆ ಬಂದು ಮೊಟ್ಟೆ ಇಡುತ್ತವೆ. ಮರಿಗಳು ರಾತ್ರಿ ಹೊರಬಂದು, ಬೆಳಕು ಎಲ್ಲಿ ಹೆಚ್ಚೋ ಅದೇ ಕಡಲೆಂದು ತಿಳಿದು ಅತ್ತ ತೆವಳುತ್ತವೆ. ತೀರದಲ್ಲಿ ದೀಪ ಉರಿದರೆ ದಾರಿ ತಪ್ಪಿ ಸಾಯುತ್ತವೆ. ನಮ್ಮ ಉತ್ತರ ಕನ್ನಡದ ಕರಾವಳಿಗೂ ಕಡಲಾಮೆಗಳು ಮೊಟ್ಟೆಯಿಡಲು ಬರುವುದರಿಂದ ಅಲ್ಲಿನ ಓದುಗರು ಇದನ್ನು ಬಲ್ಲರು. ಪಕ್ಕದ ಬುಷ್ ಕೀ ದ್ವೀಪದಲ್ಲಿ ಹತ್ತಾರು ಸಾವಿರ ಕಡಲಹಕ್ಕಿಗಳು ಗೂಡು ಮಾಡುವ ಕಾಲದಲ್ಲಿ ಅಲ್ಲಿಗೆ ಯಾರೂ ಕಾಲಿಡುವಂತಿಲ್ಲ. ಅವುಗಳ ಗದ್ದಲ ರಾತ್ರಿಯಿಡೀ ಡೇರೆಗೆ ಕೇಳುತ್ತದೆ. ನಿದ್ದೆ ಹಗುರವಾದವರಿಗೆ ಅದು ತೊಂದರೆಯೇ.

ಜೂನಿನಿಂದ ನವೆಂಬರಿನವರೆಗೆ ಆ ಕಡಲಿನಲ್ಲಿ ಚಂಡಮಾರುತದ ಕಾಲ. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಎಂಬ ಚಂಡಮಾರುತದ ಕಣ್ಣೇ ಈ ದ್ವೀಪಗಳ ಮೇಲೆ ಹಾಯ್ದುಹೋಯಿತು. 2023ರ ಜನವರಿಯಲ್ಲಿ ಬೇರೊಂದು ಬಗೆಯ ಅಲೆ ಬಂತು: ಕ್ಯೂಬಾದಿಂದ ಸಣ್ಣ ದೋಣಿಗಳಲ್ಲಿ ಸುಮಾರು 300 ಜನ ಬದುಕು ಅರಸಿ ಬಂದು ಇಲ್ಲಿ ಇಳಿದರು. ಅವರಿಗೆ ಆಹಾರ, ನೀರು, ಆರೈಕೆ ಒದಗಿಸಲು ಉದ್ಯಾನವನ್ನು ಕೆಲವು ದಿನ ಮುಚ್ಚಬೇಕಾಯಿತು. ನೂರೈವತ್ತು ವರ್ಷದ ಹಿಂದೆ ಹೊರಗೆ ಹೋಗದಂತೆ ಜನರನ್ನು ಕೂಡಿಹಾಕಿದ್ದ ಕೋಟೆಗೆ ಈಗ ಜನ ತಾವಾಗಿ ಬಂದು ಸೇರಿದರು.

ಅದೇ 2023ರ ಮೇ ತಿಂಗಳಲ್ಲಿ ಇನ್ನೊಂದು ಸುದ್ದಿ ಪ್ರಕಟವಾಯಿತು. ಗಾರ್ಡನ್ ಕೀ ಸಮೀಪ, ಈಗ ನೀರಿನಡಿ ಮುಳುಗಿರುವ ಒಂದು ಚಿಕ್ಕ ದ್ವೀಪದ ಜಾಗದಲ್ಲಿ, ಜ್ವರದ ರೋಗಿಗಳನ್ನು ಬೇರೆಯಿರಿಸುತ್ತಿದ್ದ ಆಸ್ಪತ್ರೆಯ ಅವಶೇಷವೂ ಒಂದು ಸ್ಮಶಾನವೂ ಶೋಧಕರಿಗೆ ದೊರೆತವು. ಅಲೆ, ಬಿರುಗಾಳಿಗಳಿಗೆ ಸಿಕ್ಕಿ ಆ ದ್ವೀಪವೇ ಕರಗಿಹೋಗಿದೆ. ಹೂತವರಲ್ಲಿ ಹೆಚ್ಚಿನವರು ಸಿಪಾಯಿಗಳು. ಶೋಧಕರು ಹೆಸರು ಹಿಡಿದು ಗುರುತಿಸಿದ ಗೋರಿ ಒಂದೇ. ಕಲ್ಲಿನ ಮೇಲೆ ಜಾನ್ ಗ್ರೀರ್ ಎಂದಿದೆ. ಸತ್ತ ದಿನ 1861ರ ನವೆಂಬರ್ 5. ಅವನು ಸಿಪಾಯಿಯಲ್ಲ, ಕೋಟೆಯಲ್ಲಿ ದುಡಿಯುತ್ತಿದ್ದ ಕೂಲಿಯಾಳು. ಯಾರೋ ಜೊತೆಗಾರರು ಶ್ರಮಪಟ್ಟು ಕಲ್ಲು ಕೆತ್ತಿ ಅವನಿಗಾಗಿ ನಿಲ್ಲಿಸಿದ್ದರು. ಈಗ ಅದರ ಮೇಲೆ ಮೀನು ಆಡುತ್ತವೆ.

ಡೇರೆಯವರು ಹೊರಡುವ ದಿನ ಬೆಳಿಗ್ಗೆಯೇ ಸಾಮಾನು ಕಟ್ಟಿ ದೋಣಿಯ ಕಟ್ಟೆಗೆ ತಂದಿಡಬೇಕು. ಖಾಲಿ ನೀರಿನ ಕ್ಯಾನು, ಇದ್ದಿಲಿನ ಚೀಲ, ಕಸದ ಮೂಟೆ, ಮಡಿಸಿದ ಡೇರೆ ಎಲ್ಲವೂ ಹತ್ತಿದ ಮೇಲೆ, ಮಧ್ಯಾಹ್ನ ಮೂರರ ಹೊತ್ತಿಗೆ ದೋಣಿ ಕೀ ವೆಸ್ಟ್ ಕಡೆಗೆ ತಿರುಗುತ್ತದೆ.